ಹಿಪ್ಪರಗಿಯಲ್ಲಿ ಕುಳಿತು ಮಾಂಗಾ ಬರೆದರೆ ಬದುಕು ನಡೆದೀತೇ?



ಜಪಾನಿನ ಚಿತ್ರಕಥೆಗೆ ಮಾಂಗಾ ಎಂದು ಹೆಸರು. ನಮ್ಮಲ್ಲಿ ಅನೇಕರು ಅದನ್ನು ಮೊಬೈಲಿನಲ್ಲಿ ಓದುತ್ತಾರೆ. ಕೆಲವರು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬಿಡಿಸುತ್ತಾರೆ. ಅದನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕೆಂಬ ಆಸೆ ನನ್ನದು. ಆದರೆ "ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನು?" ಎಂದು ಓಣಿಯವರು ಕೇಳುತ್ತಾರೆ. ಅಬ್ಬಾ ಅವರ ಪ್ರಶ್ನೆಯೂ ಅದೇ. ವಾಣಿಜ್ಯ ವಿದ್ಯಾರ್ಥಿಯಾದ ನಾನು ಅದಕ್ಕೆ ಲೆಕ್ಕದಲ್ಲೇ ಉತ್ತರ ಹುಡುಕಿದ್ದೇನೆ.

ಹೊರಗಿನವರಿಗೆ ಅವಕಾಶ ಉಂಟೇ?

ಉಂಟು. 'ಡಾಕ್ಟರ್ ಸ್ಟೋನ್' ಮಾಂಗಾದ ಚಿತ್ರಗಳನ್ನು ಬರೆದ ಬೋಯಿಚಿ ಕೊರಿಯಾದವರು. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ರಸಾಯನ ತಂತ್ರಜ್ಞಾನ ಓದಿ, 1967ರಲ್ಲಿ 'ಅಮರ ಚಿತ್ರಕಥೆ' ಆರಂಭಿಸಿದರು. ಓದಿದ ವಿಷಯ ಬೇರೆಯಾದರೂ ಈ ಬಾಗಿಲು ಮುಚ್ಚುವುದಿಲ್ಲ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ.

ಜಪಾನಿನ ವಿದೇಶಾಂಗ ಸಚಿವಾಲಯ 2007ರಿಂದ ಹೊರದೇಶದವರಿಗಾಗಿ ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿ ನೀಡುತ್ತಿದೆ. ಕೃತಿ ಕನಿಷ್ಠ 24 ಪುಟ ಇರಬೇಕು. 2012ರಲ್ಲಿ ಆರಂಭವಾದ 'ಸೈಲೆಂಟ್ ಮಾಂಗಾ ಆಡಿಷನ್' ಸ್ಪರ್ಧೆಯಲ್ಲಿ ಸಂಭಾಷಣೆಯೇ ಇರುವುದಿಲ್ಲ, ಚಿತ್ರವೇ ಕಥೆ ಹೇಳಬೇಕು. ಭಾಷೆ ಬಾರದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು.

ಹಣ ಹೇಗೆ ಬರುತ್ತದೆ?

ಎರಡು ದಾರಿಯಿಂದ. ಮೊದಲನೆಯದು ಪುಟದ ದರ. ಇದು ನಮ್ಮ ರಬಕವಿ-ಬನಹಟ್ಟಿಯ ಮಗ್ಗದ ಮಜೂರಿ ಇದ್ದ ಹಾಗೆ. ಒಂದು ಸೀರೆ ನೇಯ್ದರೆ ಇಷ್ಟು ಎಂದು ಕೈಗೆ ಬರುತ್ತದೆ, ಆ ಸೀರೆ ಮುಂದೆ ಎಷ್ಟಕ್ಕೆ ಮಾರಾಟವಾದರೂ ನೇಕಾರನಿಗೆ ಅಷ್ಟೇ. ವಾರಪತ್ರಿಕೆಯ ಕಲಾವಿದರು ವಾರಕ್ಕೆ ಸುಮಾರು 19 ಪುಟ ಬರೆಯುತ್ತಾರೆ. ಸಹಾಯಕರ ಸಂಬಳವನ್ನು ಸಾಮಾನ್ಯವಾಗಿ ಅವರೇ ಕೊಡಬೇಕು. ಆದ್ದರಿಂದ ಪುಟದ ದರದಲ್ಲಿ ಉಳಿಯುವುದು ಕಡಿಮೆ.

ಎರಡನೆಯದು ರಾಯಲ್ಟಿ. ಪುಸ್ತಕವಾಗಿ ಬಂದ ಮೇಲೆ ಮುಖಬೆಲೆಯ ಸುಮಾರು ಶೇಕಡಾ 10 ಕಲಾವಿದರಿಗೆ ಸಲ್ಲುವುದು ರೂಢಿ. ಪುಸ್ತಕದ ಬೆಲೆ 500 ಯೆನ್, 10,000 ಪ್ರತಿ ಎಂದು ಇಟ್ಟುಕೊಳ್ಳೋಣ. ಆಗ ರಾಯಲ್ಟಿ 5,00,000 ಯೆನ್. ಮರುಮುದ್ರಣವಾದರೆ ಮತ್ತೆ ಬರುತ್ತದೆ. ಮಜೂರಿಗೂ ಪಾಲಿಗೂ ಇರುವ ವ್ಯತ್ಯಾಸ ಇದೇ.

ಕರಾರು ಮತ್ತು ತೆರಿಗೆ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಅರ್ಥ. ಸಹಿ ಮಾಡುವ ಮೊದಲು ಈ ಎರಡು ಸಾಲುಗಳನ್ನು ಹುಡುಕಿ ಓದಬೇಕು.

ಜಪಾನ್ ಹೊರದೇಶದವರ ರಾಯಲ್ಟಿಯಲ್ಲಿ ಶೇಕಡಾ 20.42 ತೆರಿಗೆ ಹಿಡಿಯುತ್ತದೆ. ಭಾರತ-ಜಪಾನ್ ತೆರಿಗೆ ಒಪ್ಪಂದದಲ್ಲಿ ಅದರ ಮಿತಿ ಶೇಕಡಾ 10. ಹಣ ಬರುವ ಮೊದಲೇ ಪ್ರಕಾಶಕರ ಮೂಲಕ ಅರ್ಜಿ ಕೊಟ್ಟರೆ ಈ ಲಾಭ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 1,02,100 ಯೆನ್ ಬದಲು 50,000 ಯೆನ್ ಮಾತ್ರ ಕಡಿತ. ಒಂದು ಅರ್ಜಿಯ ಬೆಲೆ 52,100 ಯೆನ್!

ಭಾಷೆ

ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಮನೆಯಲ್ಲಿ ಉರ್ದು ಓದುವ ನಮಗೆ ಇದು ಹೊಸದೇನಲ್ಲ. ಜಪಾನೀ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕನ್ನಡದಲ್ಲೂ ಉರ್ದುವಿನಲ್ಲೂ ಹಾಗೆಯೇ. 'ವಾತಾಶಿ ವಾ ಗೋಹಾನ್ ಓ ತಾಬೆಮಾಸು' ಎಂದರೆ 'ನಾನು ಅನ್ನವನ್ನು ತಿನ್ನುತ್ತೇನೆ'. ಪದಗಳ ಕ್ರಮ ಒಂದೇ. ಲಿಪಿ ಮಾತ್ರ ಕಠಿಣ. ಭಾಷೆಯ ಪರೀಕ್ಷೆಗೆ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಬೆಂಗಳೂರಿನಲ್ಲಿ ಅದನ್ನು ಬರೆಯಬಹುದು.

ನನ್ನ ನಿರ್ಧಾರ

ಲೆಕ್ಕ ಹೇಳುವುದೇನೆಂದರೆ, ಮೊದಲ ಕೆಲವು ವರ್ಷ ಈ ಕೆಲಸ ಮನೆ ನಡೆಸುವುದಿಲ್ಲ. ಆದ್ದರಿಂದ ಬಿ.ಕಾಂ. ಬಿಡುವುದಿಲ್ಲ ಎಂದು ಅಬ್ಬಾ ಅವರಿಗೆ ಮಾತು ಕೊಟ್ಟಿದ್ದೇನೆ. ದಿನಕ್ಕೆ ಒಂದು ಗಂಟೆ ಚಿತ್ರಕ್ಕೆ ಬಿಡಬೇಕೆಂದು ಅವರಿಂದ ಮಾತು ಪಡೆದಿದ್ದೇನೆ. 24 ಪುಟದ ಕಥೆಯೂ ಸಿಕ್ಕಿದೆ: 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗಿನ ನಮ್ಮ ಭಾಗದ ಹಳ್ಳಿಗಳು. ಆ ದಿನಗಳ ನೆನಪು ನಿಮ್ಮ ಮನೆಯ ಹಿರಿಯರಲ್ಲಿದ್ದರೆ ದಯವಿಟ್ಟು ಕೇಳಿ ಬಂದು ನನಗೆ ಹೇಳಿ. ವಾಣಿಜ್ಯ ವಿಭಾಗದ ಮೂರನೇ ಬೆಂಚಿನಲ್ಲಿ ಸಿಗುತ್ತೇನೆ.