ಹಲಗೆಯ ಲೆಕ್ಕ, ಗೋಡೆಯ ಲೆಕ್ಕ

ಬೆಂಗಳೂರಿನ ನಮ್ಮ ಮನೆಯ ಹಾಲ್‌ನ ಗೋಡೆಗೆ ನಾಲ್ಕು ಮರದ ಶೆಲ್ಫ್ ಬೇಕಿತ್ತು. ಇಂಟೀರಿಯರ್ ಕಂಪನಿಯೊಂದು ರನ್ನಿಂಗ್ ಅಡಿಗೆ 1,150 ರೂಪಾಯಿ ಹೇಳಿತು. ನಾಲ್ಕಡಿಯ ನಾಲ್ಕು ಶೆಲ್ಫ್ ಅಂದರೆ 16 ಅಡಿ, ಒಟ್ಟು 18,400. ಬಡಾವಣೆಯ ಆಚಾರಿಯೊಬ್ಬರು ಸಾಮಾನು, ಕೂಲಿ ಎಲ್ಲ ಸೇರಿ 13,000 ಅಂದರು. ಸಾಮಾನು ನಾವೇ ತಂದು, ಅದೇ ಆಚಾರಿಗೆ ದಿನಗೂಲಿ ಕೊಟ್ಟು, ಗೋಡೆಗೆ ಕೂರಿಸುವುದನ್ನು ನಾನೇ ಮಾಡಿಕೊಂಡಾಗ ಆದದ್ದು 8,874.

ಇದನ್ನು ಕೇಳಿದವರೆಲ್ಲ ‘ಹಾಗಾದ್ರೆ ಅರ್ಧಕ್ಕರ್ಧ ಉಳೀತು’ ಅನ್ನುತ್ತಾರೆ. ನನಗೆ ಉಳಿತಾಯಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಆ 8,874ರೊಳಗಿನ ಹಂಚಿಕೆ. ಪ್ಲೈವುಡ್ 2,624, ಲ್ಯಾಮಿನೇಟ್ 1,350, ಒಳಚೌಕಟ್ಟಿನ ಮರ 1,300, ಅಂಟು-ಮೊಳೆ-ಮರಳು ಕಾಗದ 500, ಆಚಾರಿಯ ಒಂದೂವರೆ ದಿನದ ಕೂಲಿ 2,100, ಲಗೇಜ್ ಆಟೊ 400. ಇಷ್ಟೂ ಆದಮೇಲೆ ಇಡೀ ಭಾರವನ್ನು ಗೋಡೆಗೆ ಹಿಡಿದಿರುವ ಸ್ಕ್ರೂ ಮತ್ತು ಪ್ಲಗ್ಗುಗಳಿಗೆ, ಡ್ರಿಲ್ ಬಿಟ್ ಸೇರಿ, 600. ನೂರು ರೂಪಾಯಿಯಲ್ಲಿ ಏಳು ರೂಪಾಯಿಯೂ ಆಗದು. ಖರ್ಚು ಇಳಿಸಲು ಹೊರಟವರ ಕೈ ಮೊದಲು ಹೋಗುವುದು ಇಂಥ ಕಣ್ಣಿಗೆ ಬೀಳದ ಬಾಬತ್ತಿನ ಮೇಲೇ. ನಾನು ಹೇಳಹೊರಟಿರುವುದು ಇದನ್ನು ತಿರುಗುಮುರುಗು ಮಾಡಿ ಎಂದು: ಕಾಣುವ ಕಡೆ ಉಳಿಸಿ, ಕಾಣದ ಕಡೆ ಖರ್ಚು ಮಾಡಿ.

ಮೊದಲು ಕಾಣುವ ಕಡೆ ಉಳಿಸುವ ಬಗೆ. ಫ್ಲೋಟಿಂಗ್ ಶೆಲ್ಫ್ ಅಂದರೆ ಕೆಳಗೆ ಬ್ರಾಕೆಟ್ ಕಾಣದ, ಗೋಡೆಯಿಂದಲೇ ಹೊರಟಂತೆ ತೋರುವ ಹಲಗೆ. ನೋಡಲು ದಪ್ಪ ದಿಮ್ಮಿ, ಒಳಗೆ ಟೊಳ್ಳು. ಒಂದೂವರೆ ಇಂಚಿನ ರೀಪಿನಲ್ಲಿ ಬಾಚಣಿಗೆಯ ಆಕಾರದ ಚೌಕಟ್ಟು ಮಾಡಿ, ಅದರ ಬೆನ್ನನ್ನು ಗೋಡೆಗೆ ಸ್ಕ್ರೂ ಮಾಡುತ್ತಾರೆ. ಹೊರಚಾಚಿದ ಹಲ್ಲುಗಳ ಮೇಲೆ ಪ್ಲೈವುಡ್ಡಿನ ಪೆಟ್ಟಿಗೆಯನ್ನು ಡ್ರಾಯರ್‌ನಂತೆ ತೂರಿಸಿ, ಮೇಲಿನಿಂದ ಎರಡು ಸಣ್ಣ ಸ್ಕ್ರೂ ಹಾಕಿದರೆ ಮುಗಿಯಿತು. ತೇಗದ ಇಡೀ ಹಲಗೆಯೇ ಬೇಕೆಂದು ಹಟ ಹಿಡಿದರೆ ದುಡ್ಡೂ ಹೆಚ್ಚು, ತೂಕವೂ ಹೆಚ್ಚು. ಸರಿಯಾಗಿ ಒಣಗದ ಮರವಾದರೆ ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಅಗಲದ ಹಲಗೆ ಡೊಂಕಾಗುತ್ತದೆ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡಡ್ಡ ಕೂತಿರುವುದರಿಂದ ಆ ಕಾಟ ಕಡಿಮೆ.

ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ, 32 ಚದರಡಿ. ಹೆಚ್ಚಿನ ಅಂಗಡಿಗಳಲ್ಲಿ ಅರ್ಧ ಹಾಳೆ ಕೊಡುವುದಿಲ್ಲ. ಆದ್ದರಿಂದ ಶೆಲ್ಫಿನ ಅಳತೆಯನ್ನು ಗೋಡೆ ನೋಡಿ ನಿರ್ಧರಿಸುವ ಮೊದಲು ಹಾಳೆ ನೋಡಿ ನಿರ್ಧರಿಸಬೇಕು. ನಮ್ಮ ಮೊದಲ ಯೋಜನೆ ಮೂರಡಿ ಉದ್ದ, ಒಂಬತ್ತು ಇಂಚು ಅಗಲದ ಮೂರು ಶೆಲ್ಫ್. ಕಾಗದದ ಮೇಲೆ ಹಾಳೆಯ ಚಿತ್ರ ಬರೆದು ಗೆರೆ ಎಳೆದಾಗ ಹೆಚ್ಚುಕಡಿಮೆ ಅರ್ಧ ಹಾಳೆ ಉಳಿಯುತ್ತಿತ್ತು. ಅದೇ ಹಾಳೆಯನ್ನು ಉದ್ದಕ್ಕೆ ಒಂಬತ್ತು ಇಂಚಿನ ನಾಲ್ಕು ಪಟ್ಟಿಯಾಗಿ ಸೀಳಿ, ಪ್ರತಿಯೊಂದನ್ನೂ ನಡುವೆ ಕತ್ತರಿಸಿದರೆ ನಾಲ್ಕಡಿಯ ಎಂಟು ತುಂಡು. ನಾಲ್ಕು ಶೆಲ್ಫಿನ ಮೇಲ್ಭಾಗ, ತಳಭಾಗ ಎರಡಕ್ಕೂ ಆಯಿತು. ಅಂಚಿನಲ್ಲಿ ಉಳಿದ ಪಟ್ಟಿಯಲ್ಲಿ ಮುಂಭಾಗ, ಪಕ್ಕದ ಮುಚ್ಚಿಗೆಗಳೂ ಬಂದವು. ಮೊದಲ ಯೋಜನೆಯಲ್ಲಿ ಪ್ಲೈವುಡ್ ಅಡಿಗೆ 292 ರೂಪಾಯಿ ಬೀಳುತ್ತಿತ್ತು, ಎರಡನೆಯದರಲ್ಲಿ 164. ಲ್ಯಾಮಿನೇಟ್ ಹಾಳೆಯೂ ಅದೇ ಅಳತೆಯದು, ಹಾಗಾಗಿ ಅದೂ ಒಂದೇ ಸಾಕಾಯಿತು.

ಅಂಗಡಿಯವನು ಸಹಜವಾಗಿ ‘ಮೆರೀನ್ ತಗೊಳ್ಳಿ ಸಾರ್’ ಅನ್ನುತ್ತಾನೆ. ಐಎಸ್ 710 ಗುರುತಿನ ಮೆರೀನ್ ಪ್ಲೈ ಅಡುಗೆಮನೆಯ ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕ ಬೇಕು. ತೇವವಿಲ್ಲದ ಹಾಲ್‌ನಲ್ಲಿ ಪುಸ್ತಕ ಇಡಲು ಐಎಸ್ 303ರ ಬಿಡಬ್ಲ್ಯೂಆರ್ ದರ್ಜೆ ಧಾರಾಳವಾಯಿತು. ನಾನು ತಂದದ್ದು 12 ಮಿಲಿಮೀಟರ್, ಚದರಡಿಗೆ 82 ರೂಪಾಯಿಯದು. ದರ್ಜೆಗಿಂತ ಮುಖ್ಯ, ಐಎಸ್‌ಐ ಗುರುತು ಅಸಲಿಯೇ ಎಂಬುದು. ಹಾಳೆಯ ಮೇಲೆ ಅಚ್ಚಾದ ಸಿಎಂ/ಎಲ್ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಬೇಡಿ. ಪದರ ಬಿಟ್ಟುಕೊಂಡರೆ, ಗೆದ್ದಲು ಹಿಡಿದರೆ ಕಂಪನಿಯ ಗ್ಯಾರಂಟಿ ಕೇಳಲು ಕೈಯಲ್ಲಿ ಇರಬೇಕಾದದ್ದು ಆ ಬಿಲ್ಲೇ.

ಇನ್ನು ಅಗಲದ ಚರ್ಚೆ. ಮನೆಯಾಕೆಗೆ ಶೆಲ್ಫು ಒಂದಡಿ ಅಗಲ ಇರಲಿ ಎಂದಿತ್ತು. ಆಚಾರಿ ಟೇಪು ಮಡಚುತ್ತ, ‘ಒಂದಡಿ ಯಾಕಮ್ಮಾ, ಇದೇನು ಅಡುಗೆಮನೆ ಸ್ಲ್ಯಾಬಾ? ಪುಸ್ತಕ ತಾನೇ ಇಡೋದು?’ ಎಂದರು. ಮಾತು ನ್ಯಾಯವಾದದ್ದೇ. ನಮ್ಮ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಡೆಮಿ 1/8 ಅಳತೆಯವು. ಅಗಲ ಐದೂವರೆ ಇಂಚು. ಒಂಬತ್ತು ಇಂಚೇ ಹೆಚ್ಚಾಯಿತು. ಹೆಚ್ಚುವರಿ ಮೂರಿಂಚಿಗೆ ಪ್ಲೈವುಡ್ಡಿನ ಬೆಲೆ ತೆರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಿಜವಾದ ಬೆಲೆ ತೆರುವುದು ಗೋಡೆ.

ಸ್ಥೂಲವಾಗಿ ಒಂದಡಿ ಉದ್ದದ ಪುಸ್ತಕದ ಸಾಲು ಹತ್ತು ಕೆಜಿ ಎಂದುಕೊಳ್ಳಿ. ನಾಲ್ಕಡಿಗೆ 40, ಶೆಲ್ಫಿನ ಸ್ವಂತ ತೂಕ 7, ಒಟ್ಟು 47 ಕೆಜಿ. ಈ ಭಾರ ಒಂಬತ್ತು ಇಂಚಿನ ನಡುಮಧ್ಯೆ, ಗೋಡೆಯಿಂದ ನಾಲ್ಕೂವರೆ ಇಂಚು ದೂರದಲ್ಲಿ ಕೂತಿದೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿ ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ಅಂತರವೇ ಇಲ್ಲಿಯೂ. ರೀಪಿನ ಕೆಳ ಅಂಚು ಗೋಡೆಗೆ ಒತ್ತಿಕೊಳ್ಳುತ್ತದೆ, ಅದರಿಂದ ಮುಕ್ಕಾಲು ಇಂಚು ಮೇಲಿರುವ ಸ್ಕ್ರೂಗಳನ್ನು ಭಾರ ಹೊರಕ್ಕೆ ಜಗ್ಗುತ್ತದೆ. 47ನ್ನು ನಾಲ್ಕೂವರೆಯಿಂದ ಗುಣಿಸಿ ಮುಕ್ಕಾಲರಿಂದ ಭಾಗಿಸಿದರೆ 282 ಕೆಜಿ. ಐದು ಸ್ಕ್ರೂ ಹಂಚಿಕೊಂಡರೆ ಒಂದೊಂದರ ಮೇಲೆ 56 ಕೆಜಿಯ ಎಳೆತ. ಅಗಲ ಒಂದಡಿಯಾಗಿ ಸಾಮಾನು ಅದರ ನಡುವಿಗೆ ಬಂದರೆ ಇದೇ ತೂಕಕ್ಕೆ 376 ಕೆಜಿಯಾಗುತ್ತದೆ. ಪುಸ್ತಕಗಳನ್ನು ಗೋಡೆಗೆ ಒತ್ತಿ ಜೋಡಿಸಿದರೆ ಎಳೆತ ಇನ್ನೂ ತಗ್ಗುತ್ತದೆ, ಅದಕ್ಕೆ ಖರ್ಚಿಲ್ಲ. ಕಾಗದದ ಜೇನುಗೂಡು ತುಂಬಿದ ಹಗುರವಾದ ರೆಡಿಮೇಡ್ ಶೆಲ್ಫುಗಳು ಅಗ್ಗಕ್ಕೆ ಸಿಗುತ್ತವೆ; ಫೋಟೊ ಫ್ರೇಮಿಗೆ, ಸಣ್ಣ ಗೊಂಬೆಗಳಿಗೆ ಚೆನ್ನ. ಪುಸ್ತಕ ಹೇರುವ ಮುನ್ನ ಡಬ್ಬಿಯ ಮೇಲೆ ಬರೆದ ತೂಕದ ಮಿತಿ ಓದಿ.

ಈಗ ಆ 600 ರೂಪಾಯಿಗೆ ಬರೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡಿಂಚಿನ ಸ್ಕ್ರೂ, ಪ್ಲಗ್ ಜೋಡಿ ಮೂರು ರೂಪಾಯಿಗೆ ಸಿಕ್ಕಿತು. ನೂರು ಮಿಲಿಮೀಟರ್ ಉದ್ದ, ಹತ್ತು ಮಿಲಿಮೀಟರ್ ದಪ್ಪದ ನೈಲಾನ್ ಪ್ಲಗ್ಗಿನ ಜೋಡಿಗೆ 25. ಇಪ್ಪತ್ತಕ್ಕೆ 60 ಎಲ್ಲಿ, 500 ಎಲ್ಲಿ! ಆದರೆ ರೀಪೇ 38 ಮಿಲಿಮೀಟರ್ ದಪ್ಪ. ಎರಡಿಂಚಿನ ಸ್ಕ್ರೂ ಅದನ್ನು ದಾಟಿದ ಮೇಲೆ ಉಳಿಯುವುದು 12 ಮಿಲಿಮೀಟರ್. ಗೋಡೆಯ ಗಾರೆಯೇ 12ರಿಂದ 15 ಇರುತ್ತದೆ. ಅಂದರೆ ಅದು ಕಚ್ಚಿಕೊಳ್ಳುವುದು ಗಾರೆಯನ್ನಷ್ಟೇ, ಗಾರೆಗೆ ತಾಕತ್ತಿಲ್ಲ. ನೂರರ ಪ್ಲಗ್ಗು ರೀಪು, ಗಾರೆ ಎರಡನ್ನೂ ದಾಟಿ ಇನ್ನೂ 47 ಮಿಲಿಮೀಟರ್ ಗೋಡೆಯ ಬ್ಲಾಕಿನೊಳಗೆ ಹೋಗುತ್ತದೆ. 440 ರೂಪಾಯಿಯ ವ್ಯತ್ಯಾಸಕ್ಕೆ ಸಿಗುವ ವಸ್ತು ಇದೇ, ಈ 47 ಮಿಲಿಮೀಟರ್.

ಗೋಡೆ ಯಾವುದೆಂದು ತಿಳಿಯದೆ ಈ ಪ್ಲಗ್ಗನ್ನೂ ಕೊಳ್ಳಬೇಡಿ. ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆದು ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಣ್ಣವಾದರೆ ಸಿಮೆಂಟ್ ಬ್ಲಾಕ್. ಗಟ್ಟಿ ಬ್ಲಾಕಾದರೆ ಇಂಥ ನೈಲಾನ್ ಪ್ಲಗ್ ಸಾಕು. ಡ್ರಿಲ್ಲು ಬೆಣ್ಣೆಯಷ್ಟು ಸಲೀಸಾಗಿ ಇಳಿದು ಬಿಳಿಚಿದ ಪುಡಿ ಉದುರಿದರೆ ಅದು ಹೊಸ ಅಪಾರ್ಟ್‌ಮೆಂಟುಗಳ ಎಎಸಿ ಬ್ಲಾಕ್. ಗಾಳಿಗುಳ್ಳೆ ತುಂಬಿದ ಈ ಬ್ಲಾಕಿಗೆ ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದರೆ ಸುತ್ತಲಿನದು ಪುಡಿಯಾಗುತ್ತದೆ. ಅದಕ್ಕೆಂದೇ ಮಾಡಿದ ಉದ್ದದ ಪ್ಲಗ್ಗು ಅಥವಾ ಕೆಮಿಕಲ್ ಆ್ಯಂಕರ್ ಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಮೈವಾನ್ ಕಾಂಕ್ರೀಟ್ ಗೋಡೆಗೆ ಮನೆಬಳಕೆಯ ಡ್ರಿಲ್ ಸಾಮಾನ್ಯವಾಗಿ ಸಾಲದು, ರೋಟರಿ ಹ್ಯಾಮರ್ ತರಿಸಬೇಕು. ಕರಾವಳಿಯ ಮುರಕಲ್ಲಿನಲ್ಲಿ ಗಟ್ಟಿ, ಟೊಳ್ಳು ಎರಡೂ ಇರುವುದರಿಂದ ಇನ್ನಷ್ಟು ಆಳಕ್ಕೆ ಹೋಗುವುದು ಕ್ಷೇಮ. ಯಾವ ಗೋಡೆಯಾದರೂ ಸ್ವಿಚ್‌ಬೋರ್ಡಿನ ನೇರ ಮೇಲೆ ಕೊರೆಯಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ. ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ನೀರಿನ ಪೈಪಿನ ಭಯ. ಒಂದು ಪೈಪು ತೂತಾದರೆ ಟೈಲ್ಸ್ ಒಡೆಸಿ ಪ್ಲಂಬರನ್ನು ಕರೆಸುವ ಖರ್ಚಿನಲ್ಲಿ ಶೆಲ್ಫಿನ ಉಳಿತಾಯವೆಲ್ಲ ಕೊಚ್ಚಿಹೋಗುತ್ತದೆ.

ನನ್ನ 8,874ರಲ್ಲಿ ಒಂದು ಅನುಕೂಲ ಅಡಗಿದೆ: ಡ್ರಿಲ್ ಮಷಿನ್ ಮನೆಯಲ್ಲಿತ್ತು. ಸುಮಾರು 3,000 ಕೊಟ್ಟು ಹೊಸದು ತಂದಿದ್ದರೆ ಖರ್ಚು 11,874 ಆಗಿ, ಆಚಾರಿಯ ಗುತ್ತಿಗೆ ದರಕ್ಕಿಂತ ಉಳಿಯುತ್ತಿದ್ದದ್ದು 1,126 ಮಾತ್ರ. ಅಷ್ಟಕ್ಕಾಗಿ ಭಾನುವಾರ ಕಳೆದುಕೊಳ್ಳುವುದು ಎಲ್ಲರಿಗೂ ಗಿಟ್ಟುವ ವ್ಯಾಪಾರವಲ್ಲ. ಮುಂದೆ ಕರ್ಟನ್, ಕನ್ನಡಿ, ಗೀಸರ್ ಎಂದು ಡ್ರಿಲ್ಲಿಗೆ ಕೆಲಸ ಇದ್ದೇ ಇದೆ ಅನ್ನುವವರು ಕೊಳ್ಳಲಿ. ಉಳಿದವರು ದಿನಬಾಡಿಗೆಗೆ ತರಲಿ, ಇಲ್ಲವೇ ಪಕ್ಕದ ಮನೆಯವರನ್ನು ಕೇಳಲಿ. ಪೆಟ್ಟಿಗೆ ಜೋಡಿಸುವ ಕೆಲಸವನ್ನು ಮಾತ್ರ ನಾನು ಆಚಾರಿಯ ಕೈಯಿಂದ ಕಿತ್ತುಕೊಳ್ಳಲಿಲ್ಲ. ಮೂಲೆ ಸೇರಿಸುವುದು, ಲ್ಯಾಮಿನೇಟಿನ ಅಂಚು ಉಜ್ಜುವುದು ಅವರ ಕೈಗೆ ಒಗ್ಗಿದ ವಿದ್ಯೆ. 2,100 ರೂಪಾಯಿಗೆ ಅದು ಅಗ್ಗವೇ. ಗೋಡೆಯ ಕೆಲಸದಲ್ಲಿ ಬೇಕಾದದ್ದು ರಸಮಟ್ಟ, ಅಳತೆ ಪಟ್ಟಿ, ತಾಳ್ಮೆ.

ಕೊನೆಯದಾಗಿ ಬಾಡಿಗೆ ಮನೆಯವರಿಗೆ ಒಂದು ಮಾತು. ಇಪ್ಪತ್ತು ತೂತು ಕೊರೆಯುವ ಮೊದಲು ಮಾಲೀಕರ ಒಪ್ಪಿಗೆಯನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಒಪ್ಪಿದರೂ ಮನೆ ಬಿಡುವಾಗ ಪುಟ್ಟಿ, ಪೇಂಟು ಎಂದು ಅಡ್ವಾನ್ಸಿನಲ್ಲಿ ಕಡಿತ ಮಾಡುವುದು ಈ ಊರಿನ ವಾಡಿಕೆ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವರಾದರೆ ಇದೇ ಎಂಟು ಒಂಬತ್ತು ಸಾವಿರಕ್ಕೆ ನೆಲದ ಮೇಲೆ ನಿಲ್ಲುವ ಗಟ್ಟಿ ರ್‍ಯಾಕ್ ಮಾಡಿಸಿ. ಹೊಸ ಮನೆಗೆ ಹೋಗುವ ದಿನ ಅದು ನಿಮ್ಮೊಂದಿಗೆ ಲಾರಿ ಹತ್ತುತ್ತದೆ.