ಹೊಸ್ತು

ಎಳ್ಳಮಾವಾಸ್ಯೆಯಂದು ಬಯಲುಸೀಮೆಯ ಒಕ್ಕಲು ಚರಗ ಚೆಲ್ಲಲು ಹೊಲಕ್ಕೆ ಹೋಗುವುದು. ಕಡಲಂಚಿನ ಕಿರಿಮಂಜೇಶ್ವರದ ಸೀಮೆಯಲ್ಲಾದರೋ, ಮಳೆಗಾಲದ ಬೆಳೆ ತೆನೆಗಟ್ಟಿದಾಗ ಗದ್ದೆಯೇ ಮನೆಗೆ ಬರುವುದು. ಇದೇ ಹೊಸ್ತು, 'ಹೊಸತು' ಎಂಬುದರ ಆಡುರೂಪ. ಕದಿರನ್ನು ಪೂಜಿಸಿ, ಮಾವು ಹಲಸುಗಳ ಎಲೆಯೊಡನೆ ಬಾಗಿಲಿಗೂ ನೇಗಿಲಿಗೂ ಕಟ್ಟುವರು. ಕದಿರೆಂದರೆ ತೆನೆಯೂ ಹೌದು, ಕಿರಣವೂ ಹೌದು. ಹಬ್ಬಕ್ಕೆ ಎರಡರ್ಥವೂ ಒಪ್ಪುವುವು. ಹೊಸ ಅಕ್ಕಿಯ ಊಟಕ್ಕೆ ಕುಳಿತ ಕಿರಿಯರು, ಹೊಸ್ತು ಉಣ್ಣುವೆನೆಂದು ಹಿರಿಯರಿಗೆ ಅರಿಕೆ ಮಾಡಿ, ಅಪ್ಪಣೆ ಪಡೆದೇ ತುತ್ತೆತ್ತುವರು. ಹಸಿವಿಗೂ ವಿನಯವನ್ನು ಕಲಿಸುವ ಈ ಪಾಠ ಯಾವ ಪಠ್ಯಪುಸ್ತಕದಲ್ಲಿದೆ?

ಇಂದು ಕರಾವಳಿಯ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ನೇಗಿಲು ಅಟ್ಟ ಸೇರಿದೆ. ಬೇಸಾಯ ಬಿಟ್ಟ ಮನೆಯವರು ನೆರೆಯವರ ಗದ್ದೆಯಿಂದಲೋ ದೇವಾಲಯದಿಂದಲೋ ಕದಿರನ್ನು ತಂದು ಕಟ್ಟುವರು. ಆಚಾರವೇನೋ ಉಳಿಯಿತು. ಆದರೆ ಆ ಕದಿರೂ ಯಾರದೋ ಗದ್ದೆಯಲ್ಲಿ ಬೆಳೆಯಲೇಬೇಕಷ್ಟೆ. 2021ರಲ್ಲಿ ಉಡುಪಿಯ ಆಸುಪಾಸಿನಲ್ಲಿ ಹಡಿಲು ಗದ್ದೆಗಳನ್ನು ಜನರು ಕೂಡಿ ಮತ್ತೆ ಉತ್ತು, ನಾಟಿ ಮಾಡಿದರು.