ಕೂಸಿಗೂ ಬೆಕ್ಕಿಗೂ ಒಪ್ಪುವ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಆದರೆ ಮನೆಯನ್ನು ಕಟ್ಟಿ ನೋಡುವ ಕಣ್ಣು ಯಾರದು? ಐದೂವರೆ ಅಡಿ ಎತ್ತರದ ಗೃಹಸ್ಥನದು. ಬಾಗಿಲಿನ ಚಿಲಕ, ವಿದ್ಯುದ್ದೀಪದ ಗುಂಡಿ, ಅಡಿಗೆಯ ಕಟ್ಟೆ, ಕಿಟಕಿಯ ಅಂಚು ಇವೆಲ್ಲವೂ ಅವನ ಕಣ್ಣು ಕೈಗಳ ಅಳತೆಗೆ ತಕ್ಕಂತೆ ಏರ್ಪಡುತ್ತವೆ. ಅದೇ ಮನೆಯಲ್ಲಿ ಅಂಬೆಗಾಲಿಡುವ ಕೂಸೂ ಇರುತ್ತದೆ. ನಾಯಿಯೂ ಬೆಕ್ಕೂ ಇರುತ್ತವೆ. ಅವುಗಳ ಅಳತೆಯನ್ನು ಯಾರೂ ಕೇಳುವುದಿಲ್ಲ.

ಏನಾದರೂ ಅಪಾಯ ಸಂಭವಿಸಿದಾಗ, 'ಮಗುವಿನ ಮೇಲೆ ಕಣ್ಣಿಡಬಾರದಾಗಿತ್ತೇ?' ಎಂದು ತಾಯಿಯನ್ನು ಕೇಳುವುದು ವಾಡಿಕೆ. ಒಲೆಯ ಮೇಲೆ ಹಾಲು ಉಕ್ಕಿದರೆ, ಯಾರೋ ಬಂದು ಬಾಗಿಲು ತಟ್ಟಿದರೆ, ಕಣ್ಣು ಅತ್ತ ತಿರುಗುವುದು ಸ್ವಾಭಾವಿಕ. ಮನುಷ್ಯನ ಎಚ್ಚರಿಕೆ ಆಗಾಗ ತಪ್ಪುತ್ತದೆ. ಗೋಡೆಯ ಎಚ್ಚರಿಕೆ ತಪ್ಪುವುದಿಲ್ಲ. ಆದುದರಿಂದ ಎಚ್ಚರಿಕೆಯ ಒಂದು ಪಾಲನ್ನು ಗೋಡೆ, ಕಿಟಕಿ, ನೆಲಗಳಿಗೇ ವಹಿಸಿಕೊಡಬೇಕು. ಹಾಗೆ ಮಾಡಲು ಈ ಚಿಕ್ಕ ದೇಹಗಳ ರಚನೆಯನ್ನು ಮೊದಲು ಅರಿಯಬೇಕು.

ತಲೆಯ ಭಾರ

ಮಗುವೆಂದರೆ ಕುಗ್ಗಿಸಿದ ದೊಡ್ಡವನಲ್ಲ. ಬೆಳೆದ ಮನುಷ್ಯನಲ್ಲಿ ತಲೆಯ ಉದ್ದವು ಇಡೀ ದೇಹದ ಸುಮಾರು ಎಂಟನೆಯ ಒಂದು ಪಾಲು. ಆಗತಾನೆ ಹುಟ್ಟಿದ ಶಿಶುವಿನಲ್ಲಿ ನಾಲ್ಕನೆಯ ಒಂದು ಪಾಲು. ಎರಡು ವರ್ಷದ ವೇಳೆಗೂ ಅದು ಐದನೆಯ ಒಂದು ಪಾಲಿನಷ್ಟಿರುತ್ತದೆ. ತಲೆ ಭಾರವಾಗಿ ಕಾಲು ಗಿಡ್ಡವಾಗಿರುವುದರಿಂದ, ಮಗುವಿನ ಗುರುತ್ವಕೇಂದ್ರವು ಅದರ ಎತ್ತರಕ್ಕೆ ಹೋಲಿಸಿದರೆ ನಮ್ಮದಕ್ಕಿಂತ ಮೇಲಿರುತ್ತದೆ. ಯಾವುದೇ ವಸ್ತುವಿನ ಗುರುತ್ವಕೇಂದ್ರವು ಆಧಾರದ ಅಂಚನ್ನು ದಾಟಿದ ಕೂಡಲೆ ಆ ವಸ್ತು ಮಗುಚಿ ಬೀಳುವುದೆಂಬ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ.

ಈ ನಿಯಮವನ್ನು ಬಚ್ಚಲುಮನೆಗೆ ಅನ್ವಯಿಸಿ ನೋಡೋಣ. ಒಂದು ವರ್ಷದ ಮಗುವಿನ ಎತ್ತರ ಸುಮಾರು 75 ಸೆಂಟಿಮೀಟರು. ಒಂದು ಅಡಿ ಎತ್ತರದ ಬಕೆಟ್ಟಿನ ಅಂಚನ್ನು ಹಿಡಿದು ಅದು ಒಳಗೆ ಬಾಗಿದರೆ ತಲೆ ಕೆಳಗಾಗಿ ಬೀಳುತ್ತದೆ. ನೀರಿನ ಭಾರದಿಂದ ಬಕೆಟ್ಟು ಉರುಳುವುದಿಲ್ಲ. ತಲೆಯನ್ನು ಮೇಲೆತ್ತುವ ಬಲವು ಮಗುವಿನ ತೋಳುಗಳಿಗಿಲ್ಲ. ಕೆಲವೇ ಅಂಗುಲ ನೀರು ಪ್ರಾಣಾಪಾಯಕ್ಕೆ ಸಾಕು. ಕೂಗಲು ಕೂಡ ಅವಕಾಶವಿರುವುದಿಲ್ಲ. ಹೀಗಿರುವುದರಿಂದ ಬಚ್ಚಲಿನ ಬಾಗಿಲಿಗೆ ಮೇಲ್ಗಡೆ ಅಗುಳಿಯಿರಬೇಕು. ಅಂಗಳದಲ್ಲಿ ಸಂಪು ಎಂದು ನಾವು ಕರೆಯುವ ನೆಲತೊಟ್ಟಿಗೆ ಬೀಗ ಹಾಕಬಹುದಾದ ಕಬ್ಬಿಣದ ಮುಚ್ಚಳವಿರಬೇಕು.

ಒಂದೇ ಕಿಟಕಿ, ಎರಡು ದೇಹ

ನಮ್ಮ ಮನೆಗಳಲ್ಲಿ ಕಿಟಕಿಯ ಕೆಳ ಅಂಚು ಸಾಮಾನ್ಯವಾಗಿ ಮೂರು ಅಡಿ ಎತ್ತರದಲ್ಲಿರುತ್ತದೆ. ಅದರ ಕೆಳಗೆ ಒಂದೂವರೆ ಅಡಿ ಎತ್ತರದ ಮಂಚವನ್ನಿಟ್ಟರೆ, ಮಂಚದ ಮೇಲೆ ನಿಂತ ಮಗುವಿಗೆ ಉಳಿಯುವ ತಡೆ ಒಂದೂವರೆ ಅಡಿ ಮಾತ್ರ. ಮೂರು ವರ್ಷದ ಮಗುವಿನ ಗುರುತ್ವಕೇಂದ್ರವು ಇದಕ್ಕಿಂತ ಮೇಲಿರುತ್ತದೆ. ಕಿಟಕಿ ಕಟ್ಟಿದವನು ಮಾಡಿದ ಲೆಕ್ಕವನ್ನು ಮಂಚ ಇಟ್ಟವನು ಅಳಿಸಿಹಾಕಿದಂತಾಯಿತು.

ನ್ಯೂಯಾರ್ಕ್ ನಗರದಲ್ಲಿ ಬಹುಮಹಡಿ ಕಟ್ಟಡಗಳ ಕಿಟಕಿಗಳಿಂದ ಮಕ್ಕಳು ಬೀಳುವುದು ದೊಡ್ಡ ಸಮಸ್ಯೆಯಾಗಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿನ ಆರೋಗ್ಯ ಇಲಾಖೆಯು ತಾಯ್ತಂದೆಯರಿಗೆ ತಿಳಿವಳಿಕೆ ನೀಡುವುದರ ಜೊತೆಗೆ ಕಿಟಕಿಗಳಿಗೆ ಸರಳುಗಳನ್ನು ಉಚಿತವಾಗಿ ಹಂಚಿತು. ಬ್ರಾಂಕ್ಸ್ ಭಾಗದಲ್ಲಿ 1973ರಿಂದ 1975ರೊಳಗೆ ಇಂಥ ಅಪಘಾತಗಳು ಅರ್ಧದಷ್ಟು ಕಡಿಮೆಯಾದವು. 1976ರಲ್ಲಿ, ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳಿರುವ ಬಾಡಿಗೆ ಮನೆಗಳ ಕಿಟಕಿಗಳಿಗೆ ಸರಳು ಹಾಕಿಸುವುದನ್ನು ಆ ನಗರ ಕಡ್ಡಾಯ ಮಾಡಿತು.

ಅದೇ ನಗರದ ಕಿಟಕಿಗಳಿಂದ ಬೆಕ್ಕುಗಳೂ ಬೀಳುತ್ತಿದ್ದವು. ಹಾಗೆ ಬಿದ್ದು ಪಶುವೈದ್ಯರ ಬಳಿಗೆ ಬಂದ 132 ಬೆಕ್ಕುಗಳ ವರದಿಯೊಂದು 1987ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು. ಬೀಳುವ ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿ ಕಾಲೂರುವುದನ್ನು ಫ್ರಾನ್ಸಿನ ಮಾರೇ 1894ರಲ್ಲೇ ಛಾಯಾಚಿತ್ರಗಳಿಂದ ತೋರಿಸಿದ್ದನು. ಆದರೆ ಈ ಅಂಕಿಯನ್ನು ನಂಬಿ ಕಿಟಕಿ ತೆರೆದಿಡಬಾರದು. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ವೈದ್ಯರ ಬಳಿಗೆ ಒಯ್ಯುವುದಿಲ್ಲವಷ್ಟೆ! ಬದುಕಿದವುಗಳಲ್ಲಿಯೂ ಅನೇಕಕ್ಕೆ ಎದೆಗೂ ದವಡೆಗೂ ಪೆಟ್ಟಾಗಿತ್ತು.

ಹಾಗಾದರೆ ಸರಳುಗಳ ನಡುವೆ ಎಷ್ಟು ಅಂತರವಿರಬೇಕು? ಇಲ್ಲಿ ಮಗುವೂ ಬೆಕ್ಕೂ ಒಂದಕ್ಕೊಂದು ವಿರುದ್ಧ. ಮಗುವಿನ ದೇಹ ನುಸುಳಿದ ಕಂಡಿಯಲ್ಲಿ ತಲೆ ಸಿಕ್ಕಿಕೊಳ್ಳಬಹುದು. ಕತ್ತಿಗೆ ಅಪಾಯವಾಗುವುದು ಆಗಲೇ. ಬೆಕ್ಕಿನ ಕೊರಳೆಲುಬು ಹೆಗಲಿನ ಮೂಳೆಗೆ ಕೂಡಿಕೊಳ್ಳದೆ ಮಾಂಸದೊಳಗೆ ಸಡಿಲವಾಗಿರುವುದರಿಂದ, ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಚಿಕ್ಕ ಮಕ್ಕಳಿರುವ ಕಟ್ಟಡಗಳ ಕೈಸಾಲೆಗಳಲ್ಲಿ 100 ಮಿಲಿಮೀಟರು, ಅಂದರೆ ನಾಲ್ಕು ಅಂಗುಲ, ವ್ಯಾಸದ ಗೋಳವು ದಾಟದಂತಿರಬೇಕೆಂಬುದು ಬ್ರಿಟನ್ನಿನ ನಿಯಮ. ಇದು ಕೂಸನ್ನು ತಡೆಯುತ್ತದೆ, ಬೆಕ್ಕನ್ನು ತಡೆಯದು. ಆದುದರಿಂದ ಗಟ್ಟಿಯಾದ ಸರಳುಗಳ ಜೊತೆಗೆ ಲೋಹದ ಬಲೆಯೊಂದನ್ನು ಬಿಗಿದರೆ ಎರಡೂ ಕ್ಷೇಮ. ಸರಳುಗಳು ಲಂಬವಾಗಿರಲಿ. ಅಡ್ಡಪಟ್ಟಿಗಳೂ ಬಳ್ಳಿಯ ಚಿತ್ತಾರಗಳೂ ಮಗುವಿಗೆ ಏಣಿಯಾಗುತ್ತವೆ.

ಕೈ ಮತ್ತು ನಾಲಗೆ

ನೆಲದ ಮೇಲಿರುವುದೆಲ್ಲವೂ ಕೂಸಿನ ಕೈಯಿಂದ ಬಾಯಿಗೆ ಹೋಗುತ್ತದೆ. ಬೆಕ್ಕಿನ ಪಾದದಿಂದ ನಾಲಗೆಗೆ ಹೋಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೆ ಹಿಂದಿನ ಬಾಗಿಲು ಕಿಟಕಿಗಳನ್ನು ಉಜ್ಜಿದರೆ ಏಳುವ ಧೂಳು ನೆಲಕ್ಕಿಳಿಯುತ್ತದೆ. ಹೊಟ್ಟೆಗೆ ಸೇರಿದ ಸೀಸವನ್ನು ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರುತ್ತದೆ. ಅದು ಬೆಳೆಯುವ ಮಿದುಳಿಗೆ ಕೇಡು. ಹಳೆಯ ಬಣ್ಣವನ್ನು ಕೆರೆಯಬೇಕಾದರೆ ನೀರು ಹಚ್ಚಿ ಕೆರೆಯತಕ್ಕದ್ದು. ಮಕ್ಕಳನ್ನೂ ಪ್ರಾಣಿಗಳನ್ನೂ ಆಗ ಬೇರೆಡೆ ಇರಿಸತಕ್ಕದ್ದು.

ನೆಲ ಒರೆಸುವ ಫಿನಾಯಿಲಿನ ವಿಷಯವೂ ಹೀಗೆಯೇ. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ನಮ್ಮ ಯಕೃತ್ತಿಗಿದೆ. ಬೆಕ್ಕಿನ ಯಕೃತ್ತಿಗೆ ಅದು ಬಹಳ ಕಡಿಮೆ. ಬೆಕ್ಕಿರುವ ಮನೆಗೆ ಸಾಬೂನು ನೀರೇ ಮೇಲು. ಇನ್ನು ನೆಲದ ನುಣುಪು: ಕನ್ನಡಿಯಂತೆ ಹೊಳೆಯುವ ಹಾಸಿನ ಮೇಲೆ ಘರ್ಷಣೆ ಸಾಲದೆ ನಡೆ ಕಲಿಯುವ ಮಗು ಜಾರುತ್ತದೆ, ಮುದಿ ನಾಯಿಯೂ ಜಾರುತ್ತದೆ. ತುಸು ಒರಟಾದ ಹಾಸು ಇಬ್ಬರಿಗೂ ಹಿತ.

ಹತ್ತಿರವೂ ಬೇರೆಯೂ

ಅಪಾಯವನ್ನು ತಡೆದ ಮಾತ್ರಕ್ಕೆ ಮನೆ ಒಪ್ಪವಾಗುವುದಿಲ್ಲ. ಅಷ್ಟೇ ಆದರೆ ಅದು ಪಂಜರ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನಲ್ಲಿ ತೆರೆದ 'ಮಕ್ಕಳ ಮನೆ'ಯಲ್ಲಿ ಕುರ್ಚಿ, ಮೇಜು, ಕಪಾಟುಗಳು ಮಕ್ಕಳ ಅಳತೆಗೆ ಒದಗಿದವು. ತನಗೆ ಬೇಕಾದುದನ್ನು ತಾನೇ ತೆಗೆದು ತಾನೇ ಇಡುವ ಮಗು ಸ್ವಾವಲಂಬಿಯಾಗುತ್ತದೆಂಬುದು ಆಕೆಯ ತತ್ವ. ಒಂದು ತಗ್ಗಾದ ಗೂಡು, ಕೈತೊಳೆಯುವಲ್ಲಿ ಒಂದು ಮೆಟ್ಟಿಲು, ಇಷ್ಟು ಕೊಟ್ಟರೆ ಸಾಕು.

ಪ್ರಾಣಿಗೂ ತನ್ನದೆಂಬ ಜಾಗ ಬೇಕು. ನಾಯಿಗೆ ಬೆವರಿನ ಗ್ರಂಥಿಗಳಿರುವುದು ಬಹುಮಟ್ಟಿಗೆ ಪಾದಗಳಲ್ಲಿ ಮಾತ್ರ. ಅದು ತೇಕಿ ಮೈಯನ್ನು ತಂಪುಮಾಡಿಕೊಳ್ಳುತ್ತದೆ, ತಣ್ಣನೆಯ ಕಲ್ಲಿಗೆ ಹೊಟ್ಟೆಯೊತ್ತಿ ಮಲಗುತ್ತದೆ. ಅದಕ್ಕೆ ನೆರಳಿನ ಮೂಲೆಯೊಂದಿರಲಿ. ಉಣ್ಣುವಾಗಲೂ ನಿದ್ರಿಸುವಾಗಲೂ ಮಗುವಿನ ಕೈ ಅಲ್ಲಿಗೆ ತಲುಪದಿರಲಿ. ಚಿಕ್ಕ ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಬಹಳಷ್ಟು ಪರಿಚಿತ ನಾಯಿಗಳೇ ಎಂಬುದನ್ನು ಮರೆಯಬಾರದು. ನೆಲದ ಗಲಿಬಿಲಿಯಿಂದ ತಪ್ಪಿಸಿಕೊಳ್ಳಲು ಬೆಕ್ಕಿಗೆ ಎತ್ತರದ ಹಲಗೆಯೊಂದು ಸಾಕು. ನಮ್ಮ ಮಲೆನಾಡಿನ ಹಿರಿಯರು ಕೊಟ್ಟಿಗೆಯನ್ನು ಮನೆಗೆ ಹತ್ತಿರವಾಗಿಯೂ ಬೇರೆಯಾಗಿಯೂ ಕಟ್ಟುತ್ತಿದ್ದುದು ಈ ವಿವೇಕದಿಂದಲೇ.

ಇಂದು ಸಂಜೆ ವಿದ್ಯಾರ್ಥಿಗಳು ಒಂದು ಅಳತೆಪಟ್ಟಿಯನ್ನು ಹಿಡಿದು ತಮ್ಮ ಮನೆಯನ್ನು ಮಂಡಿಯೂರಿ ಸುತ್ತಿ ನೋಡಲಿ. ಕಿಟಕಿಯ ಸರಳುಗಳ ಅಂತರವೆಷ್ಟು? ಕಿಟಕಿಯ ಕೆಳಗೆ ಏನಿದೆ? ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ? ನಿಂತು ನೋಡಿದಾಗ ಕಾಣದಿದ್ದ ಮನೆಯೊಂದು ಆಗ ಕಾಣುವುದು. ನಾಳೆ ನೀವು ಕಟ್ಟುವ ಮನೆಯನ್ನು ಅಲ್ಲಿಂದಲೇ ಅಳೆಯಲು ಆರಂಭಿಸಿರಿ.